ಬೆಳ್ಳಿಗೊಂಬೆಯ ಮೈ ಸಡಿಲಾದದ್ದು

ಕಾಯಿಲೆ ಶುರುವಾದ ದಿನ ಸಿಹಿ ಹಂಚಿದ ಮನೆ ಲೋಕದಲ್ಲಿ ನಮ್ಮದೊಂದೇ ಇರಬೇಕು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಿಂದ ನನ್ನ ಗಂಡ ಲೋಕೇಶನೇ ಹಾಲ್ಕೋವಾ ತಂದ. 'ನಮ್ಮ ಪುಷ್ಪಂಗೆ ಮೈ ಕಟ್ತು' ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ಹಂಚಿದ. ನಮ್ಮತ್ತೆ ಸಕ್ಕರೆ ಕಾಯಿಲೆಯನ್ನೂ ಮರೆತು ತಿಂದರು. ನಾನೂ ತಿಂದೆ. ಬೆನ್ನು ಹಲಗೆಯ ಹಾಗೆ ಗಟ್ಟಿಯಾಗಿತ್ತು, ಬಗ್ಗಿ ತಟ್ಟೆ ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಆದರೂ ಖುಷಿಯೋ ಖುಷಿ.

ಇಷ್ಟು ಬರೆಯುವಷ್ಟರಲ್ಲಿ ಎದ್ದು ಹಿತ್ತಿಲ ತನಕ ಹೋಗಿ ಬಂದೆ. ಇನ್ನೂ ಹಲವು ಸಲ ಹೋಗುತ್ತೇನೆ, ಓದುವವರು ಸಹಿಸಿಕೊಳ್ಳಬೇಕು. ನಾನು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳೂ ಅಲ್ಲ. ಇವಳ ಕಾಲಿಗೆ ಚಕ್ರ ಕಟ್ಟಿದೆ ಅಂತ ಅವ್ವ ಬೈಯುತ್ತಿದ್ದಳು. ಅಂಥವಳಿಗೆ ಸಿಕ್ಕಿದ್ದು ಅಲುಗಾಡದೆ ನಿಲ್ಲುವ ಕೆಲಸ, ಬಂದದ್ದು ಮೈ ಬಿಗಿಯುವ ಕಾಯಿಲೆ. ದೇವರಿಗೂ ತಮಾಷೆ ಮಾಡುವ ಚಟ ಇದೆ.

ಇದನ್ನು ಬರೆಯಲು ಕಾರಣ ಇಷ್ಟೇ. ಯಾವುದೋ ಆಸ್ಪತ್ರೆಯಲ್ಲಿ, ಕುರ್ಚಿಯಲ್ಲಿ ಕೂರಲಾಗದೆ ಗೋಡೆಗೊರಗಿ ನಿಂತು, 'ನನಗೊಬ್ಬಳಿಗೇ ಯಾಕಪ್ಪ ಹೀಗೆ' ಅಂತ ಯಾರೋ ಅಂದುಕೊಳ್ಳುತ್ತಿರಬಹುದು. ನಿನಗೊಬ್ಬಳಿಗೇ ಅಲ್ಲ ಕಣವ್ವ. ನಾನೂ ಇದ್ದೀನಿ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಹಾಸನದಿಂದ ಶಾಂತಿಗ್ರಾಮ, ಚನ್ನರಾಯಪಟ್ಟಣದ ಕಡೆ ಹೋಗುವ ಹೆದ್ದಾರಿಯ ಅಕ್ಕಪಕ್ಕ ಈಗ ದೊಡ್ಡ ದೊಡ್ಡ ಕಲ್ಯಾಣ ಮಂಟಪಗಳು ಎದ್ದಿವೆ. ರಿಸೆಪ್ಷನ್ ದಿನ ಬಾಗಿಲಲ್ಲಿ ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡ ಒಂದು ಗೊಂಬೆ ಕಲ್ಲುಸಕ್ಕರೆಯ ತಟ್ಟೆ ಹಿಡಿದು ನಿಂತಿರುತ್ತದೆ, ನೋಡಿದ್ದೀರಲ್ಲ? ಅದು ಗೊಂಬೆಯಲ್ಲ, ಹೆಂಗಸು ಅಂತ ಗೊತ್ತಾದ ಮೇಲೆ ಜನಕ್ಕೆ ಅದನ್ನು ಅಲುಗಾಡಿಸಿಯೇ ತೀರಬೇಕು ಅನ್ನುವ ಹಟ. ಕಣ್ಣ ಮುಂದೆ ಬೆರಳಾಡಿಸುತ್ತಾರೆ, ಕಿವಿಯ ಹತ್ತಿರ ಚಪ್ಪಾಳೆ ಹೊಡೆಯುತ್ತಾರೆ, ಬಲೂನು ಒಡೆಯುತ್ತಾರೆ. 'ಉಸ್ರಾಡ್ತಾವ್ಳೇನ್ಲಾ ಇವ್ಳು?' ಅಂತ ಮೂಗಿನ ಕೆಳಗೆ ಕೈ ಇಟ್ಟು ನೋಡಿದವರೂ ಇದ್ದಾರೆ. ಆ ಬೆಳ್ಳಿಗೊಂಬೆ ನಾನು.

ಲೋಕೇಶನದು ಮಂಟಪಗಳಿಗೆ ಹೂವಿನ ಅಲಂಕಾರ ಮಾಡುವ ಕೆಲಸ. ಒಂದು ಮದುವೆಗೆ ಬೆಂಗಳೂರಿನಿಂದ ಬರಬೇಕಾಗಿದ್ದ ಗೊಂಬೆ ಹುಡುಗಿ ಕೈಕೊಟ್ಟಳು. ಹೂವಿನ ಬುಟ್ಟಿ ಹೊತ್ತು ಓಡಾಡುತ್ತಿದ್ದ ನನ್ನನ್ನೇ ಹಿಡಿದು ಬಣ್ಣ ಬಳಿದು ನಿಲ್ಲಿಸಿದರು. ನಿಂತೆ. ಮನಸ್ಸಿನೊಳಗೆ ನಾನು ಅಷ್ಟು ಹೊತ್ತೂ ಓಡುತ್ತಲೇ ಇದ್ದೆ. ಹೊರಗೆ ಮಾತ್ರ ಕಣ್ಣೆವೆ ಅಲುಗಲಿಲ್ಲ. ಜನ ಬೆರಗಾದರು. ನನಗೂ ಅದು ರುಚಿ ಹತ್ತಿತು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಆಮೇಲೆ ಲೋಕೇಶ ನನ್ನನ್ನು ಅರಕಲಗೂಡಿಗೆ, ನಂಜಪ್ಪನವರ ಹತ್ತಿರ ಕರೆದುಕೊಂಡು ಹೋದ. ನಾಟಕ ಕಂಪನಿಗಳಲ್ಲಿ, ಎಕ್ಸಿಬಿಷನ್ ಡೇರೆಗಳಲ್ಲಿ ಅವರಿಗೆ 'ಬಗ್ಗದ ನಂಜಪ್ಪ' ಅಂತ ಹೆಸರು. ಒಂದು ಕುರ್ಚಿಯ ಮೇಲೆ ತಲೆ, ಇನ್ನೊಂದರ ಮೇಲೆ ಹಿಮ್ಮಡಿ, ನಡುವೆ ಏನೂ ಇಲ್ಲ. ಆ ಬೆನ್ನು ಸೇತುವೆಯ ಹಾಗೆ ನಿಲ್ಲುತ್ತಿತ್ತು. ಹೊಟ್ಟೆಯ ಮೇಲೆ ಇಬ್ಬರು ಗಂಡಸರು ಹತ್ತಿ ನಿಂತು ಬೀಡಿ ಹಚ್ಚುತ್ತಿದ್ದರಂತೆ. ಟಿಕೆಟ್ ತೆಗೆದುಕೊಂಡು ಬಂದವರು ಶಿಳ್ಳೆ ಹೊಡೆಯುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರು ಡೇರೆ ಬಿಟ್ಟು ಮಗಳ ಟೀ ಅಂಗಡಿಯಲ್ಲಿ ಕೂತಿದ್ದರು. ಕತ್ತು ಯಾವ ಕಡೆಗೂ ತಿರುಗುತ್ತಿರಲಿಲ್ಲ. ಕರೆದವರನ್ನು ನೋಡಬೇಕಾದರೆ ಇಡೀ ಮನುಷ್ಯನೇ ತಿರುಗಬೇಕು. ಎಲ್ಲರೂ ಅದನ್ನು ಸಾಧನೆ ಅಂದರು. ಅವರೂ ಹಾಗೇ ಅಂದುಕೊಂಡಿದ್ದರು. ಹರೆಯದಲ್ಲೇ ಬೆನ್ನು ಬಿಗಿಯಲು ಶುರುವಾದಾಗ ಅವರ ಗುರು ಮೈ ಕಟ್ಟಿತು ಅಂತ ಬೆನ್ನು ತಟ್ಟಿದ್ದರಂತೆ.

'ಮೈ ಕಟ್ಟೋದು' ಅಂದರೆ ಆ ಡೇರೆ ಕಸುಬಿನವರ ಮಾತು. ಶಿಷ್ಯ ನಿಂತು ನಿಂತು, ಒಂದು ದಿನ ಗುರು ಅವನ ಬೆನ್ನುಮೂಳೆಯ ಪಕ್ಕದಲ್ಲಿ ಹೆಬ್ಬೆರಳು ಒತ್ತಿ ನೋಡುತ್ತಾರೆ. ಮಾಂಸ ಒಳಗೆ ಹೋದರೆ ಇನ್ನೂ ಕಲಿಯಬೇಕು. ಬೆರಳೇ ಸೋತರೆ ವಿದ್ಯೆ ಒಲಿಯಿತು ಅಂತ ಲೆಕ್ಕ, ಅವತ್ತು ಸಿಹಿ ಹಂಚಬೇಕು. ನಂಜಪ್ಪನವರು ನನಗೆ ಉಸಿರನ್ನು ಹೊಟ್ಟೆಯ ತಳದಲ್ಲಿ ಇಡುವುದನ್ನು ಕಲಿಸಿದರು, ನೋಟವನ್ನು ದೂರದಲ್ಲಿ ನೆಡುವುದನ್ನು ಕಲಿಸಿದರು. ಒಂದು ದಿನ ಬೆನ್ನಿಗೆ ಹೆಬ್ಬೆರಳು ಒತ್ತಿ, 'ಅವ್ವಯ್ಯ, ಗಂಡುಸ್ರಿಗೂ ಇಷ್ಟು ಬಿರ್ರನೆ ಕಟ್ನಿಲ್ಲ ಕಣವ್ವ' ಅಂದರು. ಅವರ ಕಣ್ಣಲ್ಲಿ ನೀರಿತ್ತು. ಹಾಲ್ಕೋವಾ ಬಂದದ್ದು ಅವತ್ತೇ.

ಅಲ್ಲಿಂದ ನನ್ನ ಹೆಸರು ಓಡಿತು. ಯಾಕೆಂದರೆ ನಾನು ಬೆಚ್ಚುತ್ತಿರಲಿಲ್ಲ. ಬೇರೆ ಗೊಂಬೆಗಳು ಕಿವಿಯಲ್ಲಿ ಚಪ್ಪಾಳೆ ಹೊಡೆದರೆ ಎಷ್ಟೇ ತಡೆದರೂ ಒಂದು ಕೂದಲಷ್ಟು ಹಾರುತ್ತವೆ. ನನಗೆ ಶಬ್ದ ಕೇಳಿದೊಡನೆ ಬೆನ್ನು, ಹೊಟ್ಟೆ, ತೊಡೆ ಎಲ್ಲ ಹಿಂಡಿಕೊಂಡು ಇನ್ನಷ್ಟು ಗಟ್ಟಿಯಾಗುತ್ತಿದ್ದವು. ಬಲೂನು ಒಡೆದಷ್ಟೂ ನಾನು ಕಲ್ಲು. ಒಳಗೆ ನೋವು ಪ್ರಾಣ ಹೋಗುವಷ್ಟು. ಮುಖದ ಮೇಲೆ ಬೆಳ್ಳಿಯ ನಗು. ಕಸುಬು ಅಂದಮೇಲೆ ನೋವಿರುವುದೇ ಅಂದುಕೊಂಡೆ. ಮುಗಿದ ಮೇಲೆ ಲೋಕೇಶ ನನ್ನನ್ನು ಪೀಠದಿಂದ ಹಾಗೇ ಎತ್ತಿ ಗೂಡ್ಸ್ ಆಟೋದಲ್ಲಿ ಹೂವಿನ ಕ್ರೇಟುಗಳ ಪಕ್ಕ ಮಲಗಿಸುತ್ತಿದ್ದ. 'ಏನಮ್ಮ, ಸಾಮಾನು ಭದ್ರ ಐತಾ?' ಅಂತ ರೇಗಿಸುತ್ತಿದ್ದ. ಮನೆ ಸೇರಿ ನಿದ್ದೆ ಹತ್ತಿದರೆ ಮಾತ್ರ ಮೈ ಬಿಡುತ್ತಿತ್ತು.

ನನಗೆ ಅನುಮಾನ ಬಂದದ್ದು ನೋವಿನಿಂದಲ್ಲ, ರಸ್ತೆಯಿಂದ. ಹೊಳೆನರಸೀಪುರದಲ್ಲಿ ನಮ್ಮ ಮನೆಯೆದುರಿನ ರಸ್ತೆಯ ಆಚೆ ಹಾಲಿನ ಡೈರಿ. ಒಂದು ಬೆಳಿಗ್ಗೆ ಕ್ಯಾನು ಹಿಡಿದು ರಸ್ತೆಗಿಳಿದವಳು ನಡುವೆ ನಿಂತುಬಿಟ್ಟೆ. ಅಕ್ಕಪಕ್ಕ ಹಿಡಿದುಕೊಳ್ಳಲು ಗೋಡೆಯಿಲ್ಲ, ಕಂಬವಿಲ್ಲ. ಕಾಲು ಏಳಲಿಲ್ಲ. ಬಸ್ಸಿನವನು ಹಾರ್ನ್ ಹೊಡೆದ, ನಾನು ಇನ್ನೂ ಬಿಗಿದುಕೊಂಡೆ. ಆ ಡ್ರೈವರ್ ಇಳಿದು ಬಂದು, 'ಯಾಕವ್ವ, ಸಾಯಕ್ಕೆ ನಮ್ ಬಸ್ಸೇ ಬೇಕಾ?' ಅಂತ ಬೈಯುತ್ತಲೇ ರಟ್ಟೆ ಹಿಡಿದು ಆಚೆ ಬಿಟ್ಟ. ಅವನ ಕೈ ಸಿಕ್ಕಿದ ಕೂಡಲೇ ಕಾಲು ನಡೆಯಿತು. ಅಂದಿನಿಂದ ಬಯಲು ಕಂಡರೆ ಭಯ. ಯಾರಾದರೂ ಬೆರಳ ತುದಿ ಹಿಡಿದಿದ್ದರೂ ಸಾಕು, ನಡೆಯುತ್ತೇನೆ. ಬಿಟ್ಟರೆ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವಳು ಹಾಲು ತರಲು ಗಂಡನ ತೋಳು ಹಿಡಿದುಕೊಂಡು ಹೋಗುವ ಹಾಗಾಯಿತು. ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಆ ತೋಳನ್ನೇ ಕಚ್ಚಬೇಕು ಅನ್ನಿಸುತ್ತಿತ್ತು.

ನಂಜಪ್ಪನವರಿಗೆ ಹೇಳಿದೆ. 'ವಿದ್ಯೆ ಜಾಸ್ತಿ ಆದ್ರೆ ಅಂಗೇ ಕಣವ್ವ. ಮೈ ನಿನ್ ಮಾತು ಬುಟ್ಟು ವಿದ್ಯೆ ಮಾತು ಕೇಳ್ತದೆ' ಅಂದರು. ನಂಬಿದೆ.

ಚನ್ನರಾಯಪಟ್ಟಣದ ಒಂದು ಮಂಟಪದಲ್ಲಿ, ತೆಂಗಿನಕಾಯಿ ಮಂಡಿಯವರೊಬ್ಬರ ಮಗಳ ರಿಸೆಪ್ಷನ್. ಹುಡುಗ ಕಾರಿನಿಂದ ಇಳಿಯುವಾಗ ಬಾಗಿಲಲ್ಲೇ ತಮಟೆಯವರು ಒಮ್ಮೆಗೇ ಬಾರಿಸಿದರು, ಜೊತೆಗೆ ಪಟಾಕಿ ಸರ. ನನ್ನ ಮೈ ತುದಿಯಿಂದ ತುದಿಗೆ ಸೆಟೆದು ಪೀಠದ ಮೇಲಿಂದ ಮುಂದಕ್ಕೆ ವಾಲಿತು. ಬೀಳುತ್ತಿದ್ದೇನೆ ಅಂತ ಗೊತ್ತಾಗುತ್ತಿದೆ, ಕೈ ಮುಂದೆ ಬರುತ್ತಿಲ್ಲ. ತಟ್ಟೆ ಹಿಡಿದ ಭಂಗಿಯಲ್ಲೇ ಮುಖ ಅಡಿಯಾಗಿ ನೆಲಕ್ಕೆ ಬಿದ್ದೆ. ಮೂಗು ಮುರಿದ ಸದ್ದು ನನಗೇ ಕೇಳಿಸಿತು. ಜನ ಚಪ್ಪಾಳೆ ಹೊಡೆದರು. 'ಬಿದ್ರೂ ಅಲ್ಲಾಡ್ನಿಲ್ಲ ನೋಡ್ಲಾ!' ಅಂದರು ಯಾರೋ. ಎಷ್ಟೋ ಮೊಬೈಲುಗಳು ನನ್ನ ಕಡೆ ಬಗ್ಗಿದವು. ಬೆಳ್ಳಿ ಬಣ್ಣದ ಮೇಲೆ ರಕ್ತ ಹರಿದು ಕಲ್ಲುಸಕ್ಕರೆಗೆ ತಾಗಿದ ಮೇಲೆಯೇ ಒಬ್ಬ ಅಜ್ಜಿ ಕಿರುಚಿಕೊಂಡದ್ದು. ಒಳಗೆ ಹೂವು ಕಟ್ಟುತ್ತಿದ್ದ ಲೋಕೇಶ ಓಡಿ ಬಂದ. ಅವತ್ತು ಅವನು ಸಾಮಾನು ಅಂತ ರೇಗಿಸಲಿಲ್ಲ. ಮತ್ತೆ ಯಾವತ್ತೂ ಹಾಗನ್ನಲಿಲ್ಲ.

ಆಮೇಲೆ ಡಾಕ್ಟರುಗಳ ಮೆರವಣಿಗೆ. ಒಬ್ಬರು ವಾಯು ಅಂದರು. ಒಬ್ಬರು ಬೆನ್ನುಮೂಳೆ ಜರುಗಿದೆ ಅಂತ ಬೆಲ್ಟು ಕಟ್ಟಿದರು. ಇನ್ನೊಬ್ಬರು ನಾನು ಗೋಡೆ ಹಿಡಿದು ನಡೆಯುವುದನ್ನು ನೋಡಿ, ಎಲ್ಲ ರಿಪೋರ್ಟುಗಳನ್ನೂ ಪಕ್ಕಕ್ಕಿಟ್ಟು, 'ಮನಸ್ಸಿಗೆ ತುಂಬಾ ಹಚ್ಕೊಂಡಿದ್ದೀರಿ. ಮನೇಲಿ ಏನಾದ್ರೂ ತೊಂದರೆಯಾ?' ಅಂತ ಲೋಕೇಶನ ಮುಖ ನೋಡಿದರು. ಪಾಪ, ಅವನು ಕೆಂಪಗಾದ. ನಮ್ಮತ್ತೆ ದೃಷ್ಟಿ ಅಂದರು. ಅಷ್ಟು ಜನ ಕಣ್ಣು ಬಿಟ್ಟು ನೋಡಿದರೆ ಕಲ್ಲೂ ಸಿಡಿಯುತ್ತದೆ ಅಂತ ಮೆಣಸಿನಕಾಯಿ ಸುಟ್ಟರು. ಘಾಟಿಗೆ ಕೆಮ್ಮಿ ಕೆಮ್ಮಿ ಇನ್ನಷ್ಟು ಬಿಗಿದುಕೊಂಡೆ. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಡಾಕ್ಟರ ಮಾತಿಗಿಂತ ಅವರದೇ ಹತ್ತಿರವಿತ್ತು. ಜನ ನೋಡಿದ್ದರಿಂದ ಕೆಟ್ಟದ್ದಂತೂ ಆಗಿತ್ತು.

ಕೊನೆಗೆ ಹಾಸನದ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು, ನರಗಳ ಡಾಕ್ಟರ ಹತ್ತಿರ. ಆ ಕಾಯುವ ಜಾಗವನ್ನು ನಾನು ಸತ್ತರೂ ಮರೆಯುವುದಿಲ್ಲ. ಕಬ್ಬಿಣದ ಕುರ್ಚಿಗಳು. ನನಗೆ ಕೂರಲಾಗದು. ಗೋಡೆಯಲ್ಲಿ ಒಂದು ಸ್ಪೀಕರ್, ನಂಬರು ಕರೆಯುವ ಮುಂಚೆ ಕೀಂಯ್ ಅಂತ ಕಿರುಚುವುದು. ಕಿರುಚಿದಾಗಲೆಲ್ಲ ನಾನು ಗೋಡೆಗೆ ಅಂಟಿದ ಹಲ್ಲಿ. ಎಲ್ಲರೂ ನೋಡುವರು. ಮನಸ್ಸು ಮಾತ್ರ ಒಂದು ಕ್ಷಣ ನಿಲ್ಲದು: ಈಗ ಕರೆಯುತ್ತಾರಾ, ಆಮೇಲೆ ಕರೆಯುತ್ತಾರಾ, ಇವರೂ ಮನಸ್ಸು ಅನ್ನುತ್ತಾರಾ, ಎದ್ದು ಹೋಗಿಬಿಡಲಾ, ಹೋಗಬೇಕೆಂದರೆ ಆ ಬಾಗಿಲ ತನಕ ಯಾರು ಹಿಡಿದುಕೊಳ್ಳುತ್ತಾರೆ. ಮುಚ್ಚಿದ ಪಾತ್ರೆಯೊಳಗೆ ನೀರು ಕುದಿದ ಹಾಗೆ ಕುದಿಯುತ್ತಿದ್ದೆ.

ನೆಲ ಒರೆಸುತ್ತಿದ್ದ ಒಬ್ಬ ಆಯಾ ನನ್ನನ್ನು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದಳು. 'ನಿಂಗೆ ಆ ಮೈಕು ಆಗಾಕಿಲ್ವಾ?' ಅಂತ ಕೇಳಿದಳು. ಹೂಂ ಅಂದೆ. ಅವಳು ಒಳಗೆ ಹೋಗಿ ಏನು ಹೇಳಿದಳೋ. ನನ್ನ ಸರದಿ ಬಂದಾಗ ಸ್ಪೀಕರ್ ಕಿರುಚಲಿಲ್ಲ. ಆಯಾ ಬಂದು, ಮಲಗಿದ ಮಗುವನ್ನು ಎಬ್ಬಿಸುವವರ ಹಾಗೆ, 'ಬಾವ್ವ, ನಿಂದೇ ಈಗ' ಅಂದಳು. ನನಗೆ ಅಳು ಬಂತು. ಕಾಯಿಲೆಗೆ ಹೆಸರು ಸಿಗುವ ಮೊದಲೇ ನನ್ನನ್ನು ನಂಬಿದವಳು ಅವಳು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ರಿಪೋರ್ಟುಗಳ ಕಟ್ಟು ಬಿಚ್ಚಲೇ ಇಲ್ಲ. ನನ್ನನ್ನು ತಿರುಗಿ ನಿಲ್ಲಲು ಹೇಳಿ, ರವಿಕೆಯ ಕೆಳಗೆ, ಬೆನ್ನುಮೂಳೆಯ ಪಕ್ಕದಲ್ಲಿ ಹೆಬ್ಬೆರಳು ಒತ್ತಿದರು. ಅದೇ ಜಾಗ. ಗುರುಗಳು ಒತ್ತಿದ ಅದೇ ಜಾಗ. ನಾನು ಕತ್ತು ತಿರುಗಿಸಿ ಅವರ ಮುಖ ನೋಡಿದೆ. ಅಲ್ಲಿ ಸಂತೋಷ ಇರಲಿಲ್ಲ. 'ಎಷ್ಟು ದಿನದಿಂದ ಹೀಗೆ ಕಲ್ಲಿನ ಥರ ಇದೆ?' ಅಂದರು. ನನಗೆ ಆ ಗಳಿಗೆಯಲ್ಲೇ ಎಲ್ಲ ಗೊತ್ತಾಯಿತು. ಹಾಲ್ಕೋವಾ ತಿಂದದ್ದು ನೆನಪಾಯಿತು.

ಸೂಜಿ ಚುಚ್ಚಿ ನೋಡಿದರು, ರಕ್ತ ಬೆಂಗಳೂರಿಗೆ ಹೋಯಿತು. ರಿಪೋರ್ಟು ಬರುವ ತನಕ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬಂದ ಹೆಸರು ಇಂಗ್ಲಿಷಿನಲ್ಲಿ ಉದ್ದವಾಗಿತ್ತು. ಲೋಕೇಶ ಅದನ್ನು ಒಮ್ಮೆಯೂ ಸರಿಯಾಗಿ ಹೇಳಲಿಲ್ಲ. ಮೈಯೇ ತನ್ನ ಮೇಲೆ ತಾನು ಮುನಿಸಿಕೊಂಡು, ಸಡಿಲವಾಗು ಅನ್ನುವ ಅಪ್ಪಣೆಯನ್ನು ತಡೆದುಬಿಡುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ನಿಂತು ನಿಂತು ಬಂದದ್ದಲ್ಲ, ಮನಸ್ಸಿನಿಂದ ಬಂದದ್ದೂ ಅಲ್ಲ, ತೀರಾ ಅಪರೂಪ ಅಂದರು. ನಮ್ಮತ್ತೆ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. 'ನಮ್ ಸೊಸೆಗೆ ಬಂದಿರಾದು ಈ ಸುತ್ತಿಗೇ ಯಾರ್ಗೂ ಇಲ್ವಂತೆ' ಅಂತ ನಲ್ಲಿಯ ಹತ್ತಿರ ಹೇಳಿಕೊಂಡು ಬಂದರು. ಹೇಳಿ ಬಂದ ಮೇಲೆ ಬಚ್ಚಲಲ್ಲಿ ಕೂತು ಅತ್ತರು. ನೀರು ಬಿಟ್ಟುಕೊಂಡಿದ್ದರೂ ನನಗೆ ಕೇಳಿಸಿತು.

ಮಾತ್ರೆಗಳು ಶುರುವಾದವು, ಆಗಾಗ ಹಾಸನಕ್ಕೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರುವುದೂ ಶುರುವಾಯಿತು. ಆ ವಾರ್ಡಿನಲ್ಲಿ ಪಕ್ಕದ ಹಾಸಿಗೆಗೆ ಹಳ್ಳಿಮೈಸೂರಿನ ಒಬ್ಬ ಹೆಂಗಸು ಬರುತ್ತಿದ್ದಳು. ಅವಳದು ಬೇರೆ ಕಾಯಿಲೆ, ಬಾಯಿ ಮಾತ್ರ ನನ್ನ ಹಾಗೇ. ಇಬ್ಬರೂ ಸೇರಿ ನರ್ಸುಗಳ ಸೀರೆ, ಡಾಕ್ಟರ ನಡಿಗೆ, ನಮ್ಮ ನಮ್ಮ ಗಂಡಂದಿರ ಅಡುಗೆ ಎಲ್ಲವನ್ನೂ ಆಡಿಕೊಂಡು ನಗುತ್ತಿದ್ದೆವು. ನಕ್ಕಾಗ ನನಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. 'ಸಾಕ್ ಬುಡೆ, ನಗ್ಸಿ ಸಾಯಿಸ್ಬ್ಯಾಡ' ಅಂದರೆ ಇನ್ನೊಂದು ಹೇಳುವಳು.

ಮೈ ಸಡಿಲಾಗತೊಡಗಿತು. ಒಂದು ಬೆಳಿಗ್ಗೆ ಬಗ್ಗಿ ನನ್ನ ಕಾಲುಂಗುರ ನಾನೇ ಸರಿಮಾಡಿಕೊಂಡೆ. ಕುಣಿಯಬೇಕು ಅನ್ನಿಸಿತು. ಮರುಕ್ಷಣವೇ ಎದೆ ಧಸಕ್ಕೆಂದಿತು. ಕನ್ನಡಿಯ ಮುಂದೆ ಹೋಗಿ ಗೊಂಬೆಯ ಹಾಗೆ ನಿಂತು ನೋಡಿದೆ. ಗಾಳಿಗೆ ಸಿಕ್ಕ ದೀಪದ ಹಾಗೆ ಅಲುಗುತ್ತಿದ್ದೆ. ರೆಪ್ಪೆ ಬಡಿಯಿತು, ಕೈ ನಡುಗಿತು, ಹೊರಗೆ ಯಾರೋ ಬಾಗಿಲು ಬಡಿದಾಗ ಬೆಚ್ಚಿಬಿದ್ದೆ. ಮಾತ್ರೆ ಕಾಯಿಲೆಯನ್ನಷ್ಟೇ ಅಲ್ಲ, ನನ್ನ ಹೆಸರನ್ನೂ ಕರಗಿಸುತ್ತಿತ್ತು.

ಮದುವೆಯ ಕಾಲ ಹತ್ತಿರ ಬಂತು. ಮಂಟಪದವರು ಫೋನ್ ಮೇಲೆ ಫೋನ್ ಮಾಡಿದರು, ಬೆಳ್ಳಿಗೊಂಬೆಯೇ ಬೇಕು ಅಂತ. ಡಾಕ್ಟರ ಹತ್ತಿರ ನೇರವಾಗಿ ಕೇಳಿದೆ. 'ಅರ್ಧ ಮಾತ್ರೆ ತಗೊಳ್ಲಾ ಮೇಡಂ? ನಡೆಯೋಕೆ ಅರ್ಧ, ನಿಲ್ಲೋಕೆ ಅರ್ಧ.' ಅವರಿಗೆ ನಗು ಬರಲಿಲ್ಲ. ಹಾಗೆಲ್ಲ ಕಮ್ಮಿ ಮಾಡಿದರೆ ಬಿಗಿತ ಎದೆಗೆ ಹತ್ತಬಹುದು, ಉಸಿರೇ ನಿಲ್ಲಬಹುದು ಅಂದರು. 'ಎರಡೂ ಆಗಲ್ಲ ಪುಷ್ಪ. ನಿಲ್ತೀರೋ, ನಡೀತೀರೋ?' ಅಂದರು. ಇದನ್ನು ಕೇಳುವುದು ಸುಲಭ. ನಡೆಯುವುದನ್ನು ಲೋಕದಲ್ಲಿ ಎಲ್ಲರೂ ಮಾಡುತ್ತಾರೆ. ನಿಲ್ಲುವುದು ನನಗೊಬ್ಬಳಿಗೇ ಬರುತ್ತಿತ್ತು.

ಲೋಕೇಶ, 'ನಿನ್ ಇಷ್ಟ ಕಣೆ, ನಾನೇನೂ ಯೋಳಾಕಿಲ್ಲ' ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅವನು ಹೇಳದೆ ಇದ್ದದ್ದು ನನಗೆ ಗೊತ್ತಿತ್ತು. ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ. ಅವನ ತೋಳು ಹಿಡಿದುಕೊಂಡೇ ಅರಕಲಗೂಡಿಗೆ ಹೋದೆ.

ನಂಜಪ್ಪನವರು ಟೀ ಅಂಗಡಿಯ ಬೆಂಚಿನಲ್ಲಿ ಕೂತು ಸ್ಟ್ರಾ ಹಾಕಿಕೊಂಡು ಟೀ ಕುಡಿಯುತ್ತಿದ್ದರು; ಲೋಟ ಎತ್ತಿದರೂ ಕತ್ತು ಹಿಂದಕ್ಕೆ ಬಾಗದು. ಎಲ್ಲ ಹೇಳಿದೆ. ಕೊನೆಗೆ, ಬಾಯಿ ತಡೆಯದೆ, 'ನಿಮ್ದೂ ಕಾಯ್ಲೆನೇ ಇರ್ಬೈದು ಗುರುಗಳೇ. ಒಂದ್ಸಲ ತೋರ್ಸನ ಬನ್ನಿ' ಅಂದುಬಿಟ್ಟೆ.

ಇಡೀ ಮನುಷ್ಯ ನನ್ನ ಕಡೆ ತಿರುಗಿದರು. ಅಷ್ಟು ಸಿಟ್ಟನ್ನು ನಾನು ಆ ಮುಖದಲ್ಲಿ ನೋಡಿರಲಿಲ್ಲ.

'ಕಾಯ್ಲೆ? ಕಾಯ್ಲೆ ಊರೋರ್ಗೆಲ್ಲ ಬತ್ತದೆ. ಯಾವನ್ ಕಾಯ್ಲೆ ನೋಡಕ್ಕೆ ಜನ ಟಿಕೆಟ್ ತಗಂಡು ಬತ್ತಾರೆ, ಯೋಳು ನೋಡನ? ಕಾಯ್ಲೆ ಮೇಲೆ ನಿಂತ್ಕಂಡು ಬೀಡಿ ಸೇದವ್ರಾ? ಕಾಯ್ಲೆಗೆ ಶಿಳ್ಳೆ ಒಡುದ್ರಾ?'

'ಓಗು, ಮಾತ್ರೆ ನುಂಗಿ ಮಲಿಕ್ಕೊ ಓಗು. ಈ ಕಡೀಕೆ ಬರ್ಬ್ಯಾಡ' ಅಂದರು. ಅವರ ಮಗಳು ಒಲೆಯ ಹಿಂದಿನಿಂದ ಕಣ್ಣಲ್ಲೇ ಕ್ಷಮೆ ಕೇಳಿದಳು. ಬರುವಾಗ ಆಟೋದಲ್ಲಿ ಅಳು ಬಂತು, ಬಿಗಿದುಕೊಂಡೆ, ಬಿಟ್ಟ ಮೇಲೆ ಮತ್ತೆ ಅಳು. ಮನೆಗೆ ಬಂದು ಸಿಟ್ಟಿನಲ್ಲೇ ಪೂರ್ತಿ ಮಾತ್ರೆ ನುಂಗಿದೆ. ಮರುದಿನ ಬೆಳಿಗ್ಗೆ ಮಾತ್ರೆ ಕೈಯಲ್ಲಿಟ್ಟುಕೊಂಡು ಮತ್ತೆ ಯೋಚನೆ. ಹೀಗೇ ದಿನವೂ ಕೈಯಲ್ಲಿ ಹಿಡಿದು ನೋಡುವುದು, ನುಂಗುವುದು, ನುಂಗಿದ್ದಕ್ಕೆ ಸಂಕಟ ಪಡುವುದು. ಮಂಟಪದವರಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ತಳ್ಳಿದೆ.

ಒಂದು ದಿನ ಗುರುಗಳ ಮಗಳು ಫೋನ್ ಮಾಡಿದಳು. 'ಅಪ್ಪ ಆಸ್ಪತ್ರೆಗೆ ಬತ್ತದಂತೆ ಕಣಕ್ಕ. ತೋರ್ಸ್ಕಳಕ್ಕಲ್ವಂತೆ. ನಿಮ್ ಡಾಕ್ಟ್ರಿಗೆ ಬೈಯಕ್ಕಂತೆ' ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಡ್ರಿಪ್ಪಿನ ದಿನವೇ ಅವರನ್ನು ಅರಕಲಗೂಡಿನಿಂದ ಕರೆದುಕೊಂಡು ಹಾಸನಕ್ಕೆ ಹೋದೆವು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಡೇರೆಯ ಕಾಲದ ಕಪ್ಪು ಕೋಟು.

ನಾನು ಡಾಕ್ಟರ ಹತ್ತಿರ ಮೊದಲು ಹೋಗಿ, 'ಮೇಡಂ, ಕಾಯಿಲೆ ಅನ್ನೋ ಮಾತು ಮಾತ್ರ ಆಡಬೇಡಿ' ಅಂತ ಕೇಳಿಕೊಂಡಿದ್ದೆ. ಅವರು ತಲೆಯಾಡಿಸಿದ್ದರು. ಗುರುಗಳು ಒಳಗೆ ಬಂದು, ಕುರ್ಚಿಯಲ್ಲಿ ಕೂರದೆ, 'ನನ್ ಶಿಷ್ಯೇನ ಕೆಡ್ಸಿದ್ದು ನೀವೇಯಾ?' ಅಂದರು. ಡಾಕ್ಟರು ಹೌದು ಅಂದರು. ಆ ಉತ್ತರ ಅವರಿಗೆ ಅನಿರೀಕ್ಷಿತವಾಗಿರಬೇಕು, ಬೈಯಲು ಬಂದದ್ದೇ ಮರೆತುಹೋಯಿತು. ಡಾಕ್ಟರು ಎದ್ದು ಹೋಗಿ ಅವರ ಬೆನ್ನಿನ ಮೇಲೆ ಕೈ ಆಡಿಸಿದರು. ಎಕ್ಸ್‌ರೇ ಆಯಿತು. ನರಗಳ ತೊಂದರೆಯಲ್ಲ, ನನ್ನ ಕಾಯಿಲೆಯಲ್ಲ, ಬೇರೆಯದೇ. ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಇಡೀ ಬೆನ್ನು ಒಂದೇ ಕೋಲಾಗಿತ್ತು. ಬೆಳಕಿನ ಪೆಟ್ಟಿಗೆಗೆ ಫಿಲ್ಮು ಸಿಕ್ಕಿಸಿ ತೋರಿಸಿದರು. ಗುರುಗಳು ಹತ್ತಿರ ಹೋಗಿ ತುಂಬಾ ಹೊತ್ತು ನೋಡಿದರು.

'ಚೆಂದಾಗದೆ' ಅಂದರು.

ಡಾಕ್ಟರು, 'ನೋವಿದೆಯಾ ಅಜ್ಜ?' ಅಂತ ಕೇಳಿದರು.

ಅವರು ನನ್ನ ಕಡೆ ತಿರುಗಲಿಲ್ಲ. ತಿರುಗಬೇಕಾದರೆ ಇಡೀ ಮೈ ತಿರುಗಬೇಕಲ್ಲ, ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಎಕ್ಸ್‌ರೇ ಫಿಲ್ಮಿಗೇ ಹೇಳುವವರ ಹಾಗೆ ಹೇಳಿದರು. 'ಅದೆ. ವಯಸ್ನಲ್ಲೇ ಇತ್ತು. ಶಿಳ್ಳೆ ಒಡಿವಾಗ ಗೊತ್ತಾಯ್ತಿರ್ನಿಲ್ಲ. ಈಗ ಯಾರೂ ಒಡಿಯಾಕಿಲ್ಲ.' ಆಮೇಲೆ, 'ನೋವು ತಗೀರಿ ಸಾ. ಬಿಗಿ ಮುಟ್ಬ್ಯಾಡಿ. ಅದು ನಂದು' ಅಂದರು. ಹೆಂಗಸು ಅನ್ನುವುದನ್ನೂ ಮರೆತು ಡಾಕ್ಟರನ್ನು ಸಾ ಅಂದಿದ್ದರು.

ಡಾಕ್ಟರ ದನಿ ಸ್ವಲ್ಪ ಬದಲಾಯಿತು. 'ಬಿಗಿ ಎಲ್ಲೂ ಹೋಗಲ್ಲ ಅಜ್ಜ. ಅದನ್ನ ತೆಗೆಯೋಕೆ ನನ್ನ ಕೈಲೂ ಆಗಲ್ಲ. ನೋವಿಗೆ ಕೊಡ್ತೀನಿ.' ಅದು ಗುಣವಾಗುವುದಿಲ್ಲ ಅನ್ನುವ ಮಾತು. ಗುರುಗಳಿಗೆ ಅದು ವರ ಕೊಟ್ಟ ಹಾಗೆ ಕೇಳಿಸಿತು. ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತರು, ನೆಟ್ಟಗಲ್ಲದೆ ಬೇರೆ ದಾರಿಯಿಲ್ಲದಿದ್ದರೂ. ಆಮೇಲೆ ಮೆಲ್ಲಗೆ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು.

'ಇವಳ್ದು?' ಅಂತ ಡಾಕ್ಟರನ್ನು ಕೇಳಿದರು.

'ಇವರದು ಬಿಡುತ್ತೆ. ಮಾತ್ರೆ ಸರಿಯಾಗಿ ತಗೊಂಡ್ರೆ.'

'ಬುಡಾದಾದ್ರೆ ಬುಡ್ಲಿ' ಅಂದರು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು. ಇಷ್ಟು ದಿನ ಮಾತ್ರೆ ಕೈಯಲ್ಲಿಟ್ಟುಕೊಂಡು ಕಾದದ್ದು ಈ ಒಂದು ಮಾತಿಗೇ ಅಂತ ಆಗ ತಿಳಿಯಿತು. ಮಂಟಪದವರಿಗೆ ವಾರ್ಡಿನಿಂದಲೇ ಫೋನ್ ಮಾಡಿ, ಬೇರೆ ಗೊಂಬೆ ನೋಡಿಕೊಳ್ಳಿ ಅಂದೆ. ಈಗಲೂ ಯಾವುದಾದರೂ ಮಂಟಪದ ಬಾಗಿಲಲ್ಲಿ ಬೆಳ್ಳಿ ಬಣ್ಣದ ಹುಡುಗಿ ಕಂಡರೆ ಒಳಗೆ ಚುರುಕ್ಕೆನ್ನುತ್ತದೆ. ಅವಳು ಅಲುಗಿದ್ದನ್ನು ನಾನೊಬ್ಬಳೇ ನೋಡಿರುತ್ತೇನೆ, ಯಾರಿಗೂ ಹೇಳುವುದಿಲ್ಲ.

ಡ್ರಿಪ್ ಮುಗಿದ ಮೇಲೆ ಹೊರಟೆವು. ಗೂಡ್ಸ್ ಆಟೋವನ್ನು ಗೇಟಿನೊಳಗೆ ಬಿಡುವುದಿಲ್ಲ, ಅದಕ್ಕೆ ಲೋಕೇಶ ತರಲು ಮುಂದೆ ಹೋದ. 'ಇಲ್ಲೇ ಇರ್ರಿ, ಬಂದು ಇಡ್ಕಂಡು ಓಯ್ತೀನಿ' ಅಂದಿದ್ದ. ಎದುರಿಗೆ ಆಸ್ಪತ್ರೆಯ ದೊಡ್ಡ ಅಂಗಳ. ಹಿಡಿದುಕೊಳ್ಳಲು ಏನೂ ಇಲ್ಲ, ಬರೀ ಬಿಸಿಲು. ಗುರುಗಳು ಕಾಯುವ ಪೈಕಿಯಲ್ಲ. ಮೆಟ್ಟಿಲ ತುದಿಗೆ ಹೋಗಿಬಿಟ್ಟಿದ್ದರು. ಕತ್ತು ಬಾಗದ ಮನುಷ್ಯನಿಗೆ ಕಾಲ ಕೆಳಗಿನದು ಕಾಣದು. ಜೀವ ಬಾಯಿಗೆ ಬಂದಂತಾಗಿ ನಾನು ಮುಂದೆ ಹಾರಿ ಅಡ್ಡ ನಿಂತೆ.

'ಇನ್ನೊಂದು ಮೆಟ್ಲು ಅದೆ. ಈಗ ಸಮ' ಅಂದೆ. ಅವರು ಹಿಂದಿನಿಂದ ನನ್ನ ಹೆಗಲ ಮೇಲೆ ಕೈ ಊರಿದರು. 'ಮುಂದೆ ಏನದೆ ಯೋಳ್ತಾ ಓಗು' ಅಂದರು. ಹೇಳುತ್ತಾ ಹೋದೆ. ಇಲ್ಲಿ ಹಂಪ್ ಅದೆ, ಕಾಲೆತ್ತಿ. ಇಲ್ಲಿ ನೀರು ನಿಂತದೆ, ಈ ಕಡೀಕೆ ಬನ್ನಿ. ಇಲ್ಲೊಂದು ಬೈಕು ಅಡ್ಡ ನಿಲ್ಸವ್ನೆ ಹಾಳಾದೋನು. ಅವರು ಕಾಲಿಡಬೇಕಾದ ನೆಲದ ಮೇಲೇ ಕಣ್ಣಿಟ್ಟು, ಬಾಯಿ ಬಡಿದುಕೊಂಡು ಹೋಗುತ್ತಿದ್ದೆ.

ಅಂಗಳದ ನಡುವೆ ಬಂದಾಗ ಆಂಬುಲೆನ್ಸ್ ಸೈರನ್ ಹಾಕಿಕೊಂಡು ಒಳಗೆ ನುಗ್ಗಿತು. ಬೆನ್ನು ಹಿಂಡಲು ಶುರುವಾಯಿತು. ನಿಂತೆ. ಆಗ ಗೊತ್ತಾಯಿತು, ಅರ್ಧ ಅಂಗಳ ದಾಟಿದ್ದೇನೆ, ಯಾರನ್ನೂ ಹಿಡಿದುಕೊಂಡಿಲ್ಲ. ಹೆಗಲ ಮೇಲಿನ ಕೈ ನನ್ನನ್ನು ಹಿಡಿದ ಕೈಯಲ್ಲ, ನನ್ನನ್ನು ನಂಬಿಕೊಂಡ ಕೈ. ಗೊತ್ತಾದ ಕೂಡಲೇ ಭಯವೂ ಬಂತು, ಬಯಲೆಲ್ಲ ಸುತ್ತ ತಿರುಗಿತು.

'ಯಾಕ್ ನಿಂತ್ಕಂಡೆ?' ಅಂದರು ಗುರುಗಳು ಹಿಂದಿನಿಂದ. 'ನಡಿಯವ್ವ.'

ಬೆನ್ನು ಹಿಡಿದದ್ದು ಹಿಡಿದ ಹಾಗೇ ಸ್ವಲ್ಪ ಹೊತ್ತು ಇತ್ತು, ಆಮೇಲೆ ಬಿಟ್ಟಿತು. ಕಾಲು ಎತ್ತಿದೆ. ಎದ್ದಿತು. ಗೇಟಿನ ಹತ್ತಿರ ಲೋಕೇಶ ಆಟೋ ಬಿಟ್ಟು ನಮ್ಮ ಕಡೆ ಓಡಿ ಬರುತ್ತಿದ್ದ. ಮುಖ ಬಿಳುಚಿಕೊಂಡಿತ್ತು, ನನ್ನನ್ನು ಹಿಡಿಯಲು ದೂರದಿಂದಲೇ ಎರಡೂ ಕೈ ಮುಂದೆ ಮಾಡಿಕೊಂಡಿದ್ದ.

'ನನ್ನಲ್ಲ ಕಣೋ,' ಅಂದೆ, 'ಅವ್ರನ್ನ ಇಡ್ಕೊ.'